ಗಟ್ಟಿಗಿತ್ತಿಯ ಕೊನೆಯ ಕಾಯಿ

ಗೊಬ್ಬರಕ್ಕ ಗಾಜಿನ ನಳಿಗೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತ ಬಂದಳು. ಕೊನೆಯದನ್ನೂ ನೋಡಿ ಕೆಳಗಿಟ್ಟಳು. ಒಂದೂ ಉಳಿದಿರಲಿಲ್ಲ. ಅರಳೆಯಂತೆ ಬೆಳ್ಳಗೆ ಹೊರಟ ಬೂಸ್ಟು ನಳಿಗೆಯೊಳಗೆ ಒಂದು ಗೇಣು ದೂರ ಬಂದು, ಅಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿ ಸತ್ತು ನಿಂತಿತ್ತು. ಎಲ್ಲ ನಳಿಗೆಯಲ್ಲೂ ಅದೇ ಗೇಣು, ಅದೇ ಸಾವು.

"ಅಯ್ಯೋ ದೇವರೇ," ಎಂದಳು. ಅವಳಿಗೆ ದೇವರ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ, ಆದರೆ ಆ ಹೊತ್ತಿಗೆ ಬೇರೆ ಯಾರೂ ನೆನಪಾಗಲಿಲ್ಲ.

ಗೊಬ್ಬರಕ್ಕ ಎನ್ನುವುದು ಅವಳ ನಿಜವಾದ ಹೆಸರಲ್ಲ. ಹೆತ್ತವರಿಗೆ ಅಷ್ಟು ಬುದ್ಧಿ ಇತ್ತು. ಸಂಶೋಧನಾಲಯದಲ್ಲಿ ಯಾರೋ ಬೆನ್ನ ಹಿಂದೆ ಕರೆದದ್ದು ಎದುರಿಗೇ ಕರೆಯುವಷ್ಟು ರೂಢಿಯಾಗಿ, ಕೊನೆಗೆ ಅವಳೇ ಫೋನೆತ್ತಿ "ಹಾಂ, ಗೊಬ್ಬರಕ್ಕ ಮಾತಾಡ್ತಿರೋದು" ಎನ್ನುವಂತಾಗಿತ್ತು. ಕೆಲಸವೂ ಅಂಥದೇ. ಮೊಲದ ಹಿಕ್ಕೆ, ಕುದುರೆಯ ಲದ್ದಿ, ದನದ ಸಗಣಿ, ಇವುಗಳ ಮೇಲೆ ಏಳುವ ಒಂದು ಬೂಸ್ಟನ್ನು ನೆಚ್ಚಿಕೊಂಡು ಅವಳು ತಲೆ ನರೆಯುವವರೆಗೆ ಬಂದಿದ್ದಳು. ಆ ಬೂಸ್ಟಿನ ಬೀಜಕ ಹುಲ್ಲಿಗೆ ಅಂಟಿಕೊಂಡು ಕಾಯುತ್ತದೆ, ಹುಲ್ಲಿನ ಜೊತೆ ಪ್ರಾಣಿಯ ಹೊಟ್ಟೆ ಸೇರುತ್ತದೆ, ಅಲ್ಲಿನ ರಸಕ್ಕೆ ಅದರ ಸಿಪ್ಪೆ ಮೆತ್ತಗಾಗಿ, ಸಗಣಿಯ ಜೊತೆ ಹೊರಗೆ ಬಿದ್ದು ಮೊಳೆಯುತ್ತದೆ. ಕೇಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ, ಯಾರಿಗೇನು ನಷ್ಟ! ಮಿಕ್ಕ ಬೂಸ್ಟುಗಳಲ್ಲಿ ಹೆಚ್ಚಿನವು ಊಟ ಹಾಕಿದಷ್ಟು ದಿನವೂ ಬೆಳೆಯುತ್ತಲೇ ಹೋಗುತ್ತವೆ. ಇದಕ್ಕೆ ಮಾತ್ರ ಮುಪ್ಪು ಬರುತ್ತದೆ. ಎಷ್ಟು ಹೊಸ ಊಟ ಬಡಿಸಿದರೂ ಒಂದು ಗೇಣು ಹರಡುವಷ್ಟರಲ್ಲಿ ಮುದಿಯಾಗಿ ಸಾಯುತ್ತದೆ. ಜೀವಕ್ಕೆ ಮುಪ್ಪು ಏಕೆ ಬರುತ್ತದೆ ಎಂದು ತಲೆ ಕೆಡಿಸಿಕೊಂಡವರಿಗೆ ಇಷ್ಟು ಬೇಗ ಕಣ್ಣೆದುರೇ ಮುದಿಯಾಗಿ ತೋರಿಸುವ ಜೀವಿ ಬೇರೆ ಎಲ್ಲಿ ಸಿಗಬೇಕು?

ಹೀಗೆ ಗೇಣಿಗೆ ಸಾಯುವ ಸಾವಿರಾರು ಬೂಸ್ಟುಗಳ ನಡುವೆ ಒಂದು ಸಾಯಲಿಲ್ಲ. ನಳಿಗೆಯ ಆ ತುದಿ ಮುಟ್ಟಿತು. ಇನ್ನೊಂದು ನಳಿಗೆಗೆ ಹಾಕಿದಳು, ಅದನ್ನೂ ದಾಟಿತು. ವರ್ಷ ಕಳೆಯಿತು, ಅದು ಬೆಳೆಯುತ್ತಲೇ ಹೋಯಿತು. ಗೊಬ್ಬರಕ್ಕ ಅದಕ್ಕೆ ಗಟ್ಟಿಗಿತ್ತಿ ಎಂದು ಹೆಸರಿಟ್ಟಳು. ಮನೆಯಲ್ಲಿ ಊಟಕ್ಕೆ ಕೂತರೂ ಗಟ್ಟಿಗಿತ್ತಿಯದೇ ಮಾತು. ಕನ್ನಡಕದ ಅಂಗಡಿ ಇಟ್ಟಿದ್ದ ಅವಳ ಗಂಡ ಬಂದವರ ಮುಂದೆಲ್ಲ, "ಎಲ್ಲರ ಮನೇಲೂ ಹೆಂಡತಿಗೆ ಸವತಿ ಕಾಟ. ನಮ್ಮನೇಲಿ ಗಂಡನಿಗೆ. ಅದೂ ಸಗಣಿ ಮೇಲಿನ ಸವತಿ," ಎಂದು ನಗಿಸುತ್ತಿದ್ದ. ಸಂಶೋಧನೆ ಪ್ರಕಟವಾಯಿತು. ಒಂದಿಷ್ಟು ಹೆಸರೂ ಬಂತು.

ಆಮೇಲೆ ಬಂತು ಗ್ರಹಚಾರ. ಬೇರೆ ಒಂದು ಸಂಶೋಧನಾಲಯದವರು ಗಟ್ಟಿಗಿತ್ತಿಯನ್ನು ನಮಗೂ ಕೊಡಿ, ಬೆಳೆಸಿ ನೋಡುತ್ತೇವೆ ಎಂದರು. ಇವಳು ಧಾರಾಳವಾಗಿ ಅದರ ಮಗುವೊಂದನ್ನು ಕಳಿಸಿಕೊಟ್ಟಳು. ಅಲ್ಲಿ ಅದು ಗೇಣಿಗೇ ಸತ್ತಿತು. ಮತ್ತೆ ಕಳಿಸಿದಳು, ಮತ್ತೆ ಸತ್ತಿತು. ಅವರಿಗೆ ಬೆಳೆಸಲು ಬರುವುದಿಲ್ಲ ಎಂದು ಬೈದುಕೊಂಡು, ಇಲ್ಲೇ ಬೆಳೆಸಿ ಅವರ ಬಾಯಿ ಮುಚ್ಚಿಸುತ್ತೇನೆ ಎಂದು, ಶೀತಲ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ ಗಟ್ಟಿಗಿತ್ತಿಯ ಮಕ್ಕಳನ್ನೆಲ್ಲ ಹೊರಗೆ ತೆಗೆದು ನಳಿಗೆಗೆ ಹಾಕಿದ್ದಳು. ಈಗ ಆ ಮಕ್ಕಳೆಲ್ಲ ಅವಳ ಕಣ್ಣೆದುರು ಸಾಲಾಗಿ ಸತ್ತು ಮಲಗಿದ್ದವು.

ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ಗೊಬ್ಬರಕ್ಕನಿಗೆ ಈ ವಿದ್ಯೆ ಕಲಿಸಿದವರೂ ಅವರೇ. ಅವರು ಬಂದು ನಳಿಗೆಗಳನ್ನು ನೋಡಿ, ಸ್ಟೂಲ್ ಎಳೆದುಕೊಂಡು ಕೂತರು.

"ನೋಡಮ್ಮ, ನೀನು ಸುಳ್ಳು ಹೇಳ್ದೆ ಅಂತ ನಾನು ಹೇಳ್ತಿಲ್ಲ."

"ಇನ್ನೇನು ಸಾರ್ ಹೇಳ್ತಿದ್ದೀರಾ?"

"ಅವರು ಬೆಳೆಸಿದ್ರು, ಸತ್ತಿತು. ನೀನು ಬೆಳೆಸಿದೆ, ಸತ್ತಿತು. ತಿಂಗಳ ಕೊನೇಲಿ ಅವರು ಬಂದು ಇಲ್ಲಿ ಕೂತ್ಕೋತಾರೆ. ಎಲ್ಲಿ ತೋರಿಸಿ ಅಂತಾರೆ. ನಾನು ಏನನ್ನ ತೋರಿಸ್ಲಿ?"

"ಮೂಲದ್ದು ಇನ್ನೂ ಬದುಕಿದೆಯಲ್ಲ ಸಾರ್."

"ಅದರ ಅಂಚು ನೋಡಿದ್ಯಾ?"

ನೋಡಿದ್ದಳು. ಮೂಲದ ಗಟ್ಟಿಗಿತ್ತಿ ಕೊನೆಯ ನಳಿಗೆಯಲ್ಲಿ ಮುಕ್ಕಾಲು ದೂರ ಬಂದಿತ್ತು, ಒಂದು ವಾರದಿಂದ ಅದರ ಅಂಚು ಕಂದಿತ್ತು. ಸಾಯುವುದೇ ಇಲ್ಲ ಎಂದು ಅವಳು ಎಂದೂ ಹೇಳಿರಲಿಲ್ಲ. ತುಂಬ ತಡವಾಗಿ ಸಾಯುತ್ತದೆ ಎಂದಿದ್ದಳು. ಆ ತಡ ಈಗ ಮುಗಿಯುತ್ತ ಬಂದಿತ್ತು.

"ಅವರು ಬರೋ ಹೊತ್ತಿಗೆ ಬದುಕಿರೋ ಒಂದು ಚೂರು ಕೊಡಕ್ಕಾದ್ರೆ ಸರಿ," ಎಂದರು ಮೇಷ್ಟ್ರು. "ಇಲ್ದಿದ್ರೆ ಪ್ರಕಟ ಮಾಡಿದ್ದನ್ನ ಹಿಂದಕ್ಕೆ ತಗೋಬೇಕಾಗುತ್ತೆ. ನಿನ್ನ ಹೆಸರಿನ ಜೊತೆ ನನ್ನ ಹೆಸರೂ ಇದೆ ಅದರಲ್ಲಿ." ಎದ್ದು ಹೋಗುವಾಗ ಅವಳ ಮುಖ ನೋಡಲಿಲ್ಲ. ಹೊಡೆದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಂದು ಮಧ್ಯಾಹ್ನ ಅವಳು ಊಟದ ಡಬ್ಬಿ ತೆರೆದು ಗೋಡೆ ನೋಡುತ್ತ ಕೂತಿದ್ದಳು. ಪಕ್ಕದ ಮೇಜಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಯಾವುದೋ ಹಳೆಯ ಬೂಸ್ಟಿನಿಂದ ಮಕ್ಕಳು ಮಾಡಿಸುವ ತಯಾರಿಯಲ್ಲಿದ್ದಳು. "ಅಕ್ಕಾ, ಇದು ಮುದಿಯಾಗಿದೆ, ತಂದೆ ಕಡೆಗೆ ಹಾಕ್ಲಾ?" ಎಂದಳು.

"ಮತ್ತೆ ಇನ್ನೇನು? ಮುದಿಯದನ್ನ ಯಾವತ್ತೂ ತಂದೆ ಕಡೆಗೇ," ಎಂದಳು ಗೊಬ್ಬರಕ್ಕ, ನೂರಾರು ಸಲ ಹೇಳಿದ ಮಾತನ್ನು ನೂರಾರು ಸಲ ಹೇಳಿದ ದನಿಯಲ್ಲಿ. ಹೇಳಿ ಬಾಯಿ ಮುಚ್ಚುವ ಮೊದಲೇ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದಳು.

ಈ ಬೂಸ್ಟಿನಲ್ಲಿ ಗಂಡು ಬೇರೆ ಹೆಣ್ಣು ಬೇರೆ ಎಂದಿಲ್ಲ. ಒಂದೇ ಮೈ ಒಂದು ಕಡೆ ತಾಯಿಯಾಗಬಲ್ಲದು, ಇನ್ನೊಂದು ಕಡೆ ತಂದೆಯಾಗಬಲ್ಲದು. ತಾಯಿಯಾದದ್ದು ಮಗುವಿಗೆ ತನ್ನ ಮೈಯನ್ನೇ ಹಂಚಿಕೊಡುತ್ತದೆ, ಅದರ ಜೊತೆಗೆ ತನ್ನ ಮುಪ್ಪನ್ನೂ ಕೊಡಬಹುದು. ತಂದೆಯಾದದ್ದು ಒಂದು ಕಣದಷ್ಟು ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಹಾಗಾಗಿ ಸಾಯಲಾದ ತಳಿಯನ್ನು ಉಳಿಸಿಕೊಳ್ಳಬೇಕಾದಾಗ ಅದನ್ನು ತಂದೆ ಮಾಡುವುದು, ಎಳೆಯದೊಂದನ್ನು ತಾಯಿ ಮಾಡುವುದು. ಮಕ್ಕಳು ಹೊಸ ಆಯಸ್ಸಿನೊಂದಿಗೆ ಹುಟ್ಟುತ್ತವೆ. ಇಲ್ಲಿ ಕೆಲಸ ಕಲಿತವರಿಗೆಲ್ಲ ಇದು ಕೈಗೆ ಹತ್ತಿದ ಪಾಠ. ಗಟ್ಟಿಗಿತ್ತಿಗೆ ವಯಸ್ಸಾಯಿತು, ಜೋಪಾನಕ್ಕೆ ನಾಲ್ಕು ಮಕ್ಕಳು ಇರಲಿ ಎಂದು ಗೊಬ್ಬರಕ್ಕ ಮಾಡಿದ್ದೂ ಅದನ್ನೇ. ಕಣ್ಣು ಮುಚ್ಚಿಕೊಂಡು ಮಾಡಿದ್ದಳು. ಪೆಟ್ಟಿಗೆಯಲ್ಲಿ ಇಟ್ಟ ಮಕ್ಕಳೂ, ಬೇರೆಯವರಿಗೆ ಕಳಿಸಿದ ಮಕ್ಕಳೂ ಎಲ್ಲ ಗಟ್ಟಿಗಿತ್ತಿ ತಂದೆಯಾಗಿ ಹುಟ್ಟಿದವು.

ಗಟ್ಟಿಗಿತ್ತಿಯ ಗಟ್ಟಿತನ ಇರುವುದೇ ಮೈಯಲ್ಲಾದರೆ? ಜೀವಕೋಶದೊಳಗೆ ಒಲೆಯಂತೆ ಉರಿದು ಕಸುವು ಕೊಡುವ ಮೈಟೊಕಾಂಡ್ರಿಯದಲ್ಲಾದರೆ? ಅದು ಬರುವುದು ತಾಯಿಯಿಂದ ಮಾತ್ರ. ತಂದೆಯ ಕಡೆಯಿಂದ ಎಳ್ಳಷ್ಟೂ ಬರುವುದಿಲ್ಲ. ಹಾಗಿದ್ದರೆ ಅವಳು ಇಷ್ಟು ದಿನ ಜೋಪಾನ ಮಾಡಿದ್ದು, ಊರಿಗೆಲ್ಲ ಹಂಚಿದ್ದು, ಗಟ್ಟಿತನದ ಗಂಧ ಗಾಳಿ ಇಲ್ಲದ ಸಾಮಾನ್ಯ ಮಕ್ಕಳನ್ನು. ಗೇಣಿಗೆ ಸಾಯದೆ ಅವು ಇನ್ನೇನು ಮಾಡಬೇಕಿತ್ತು?

"ಎಂಥಾ ಎಡವಟ್ಟು ಮಾಡ್ಕೊಂಡೆನೇ," ಎಂದು ತನ್ನ ಹಣೆಗೆ ತಾನೇ ಹೊಡೆದುಕೊಂಡಳು. ಆ ಹುಡುಗಿ ಹೆದರಿ ಎದ್ದು ನಿಂತಳು.

ಇನ್ನು ಉಳಿದ ದಾರಿ ಒಂದೇ. ಗಟ್ಟಿಗಿತ್ತಿಯನ್ನು ತಾಯಿ ಮಾಡಬೇಕು. ಮುದಿ ಬೂಸ್ಟು ತಾಯಿಯಾಗುವುದು ಅಪರೂಪ, ಬೀಜಕ ತುಂಬುವ ಕಾಯಿ ಕಟ್ಟುವುದಿಲ್ಲ, ಕಟ್ಟಿದರೂ ಹೆಚ್ಚಿನವು ಜೊಳ್ಳು. ಆದರೆ ಇದರ ಮುಪ್ಪು ಬೆಳೆದಷ್ಟು ದೂರಕ್ಕೆ ಬರುವ ಮುಪ್ಪು. ಮುಂದಿನ ಅಂಚೇ ಎಲ್ಲಕ್ಕಿಂತ ಮುದಿ, ಹಿಂದೆ ಹೋದಷ್ಟೂ ಎಳೆಯದು. ಹಿಂದಿನ ನಳಿಗೆಗಳನ್ನೆಲ್ಲ ಶುಚಿ ಶುಚಿ ಎಂದು ತೊಳೆಸಿ ಹಾಕಿದ್ದವಳು ಅವಳೇ. ಈಗಿರುವ ನಳಿಗೆಯೊಂದೇ ಗತಿ. ಅದನ್ನು ಒಡೆದು, ಉದ್ದಕ್ಕೂ ಚೂರು ಚೂರು ಕತ್ತರಿಸಿ, ಚೂರಿಗೊಂದು ಗಾಜಿನ ತಟ್ಟೆಯಲ್ಲಿ ಬೂಸ್ಟಿನ ಊಟವಾದ ಅಗರ್ ಲೋಳೆ ಹಾಕಿ ಕೂರಿಸಿದಳು. ನಾಲ್ಕಾರು ದಿನ ಹರಡಲು ಬಿಟ್ಟು, ಇದರ ಜೊತೆ ಕೂಡಬಲ್ಲ ಇನ್ನೊಂದು ಬಣದ ಎಳೆಯ ಬೂಸ್ಟಿನ ಗಂಡುಕಣಗಳನ್ನು ನೀರಿನಲ್ಲಿ ತೊಳೆದು ತೆಗೆದು ಮೇಲೆ ಸುರಿದಳು.

ಮುಂದಿನ ದಿನಗಳು ಹೇಗೆ ಕಳೆದವೋ ಅವಳನ್ನೇ ಕೇಳಬೇಕು. ಬೆಳಿಗ್ಗೆ ಬಾಗಿಲು ತೆಗೆಯುವವನಿಗಿಂತ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಒಂದೊಂದೇ ತಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅಂಚಿನ ಚೂರು ಮೊದಲು ಹೋಯಿತು, ಅದರ ಹಿಂದಿನದು ಆಮೇಲೆ. ಕೊನೆಗೆ ನಳಿಗೆಯ ಬುಡದಿಂದ ಕತ್ತರಿಸಿದ ಚೂರಿನ ತಟ್ಟೆ ಒಂದೇ ಉಳಿಯಿತು. ಅದರಲ್ಲಿ, ತಟ್ಟೆಯ ಅಂಚಿನ ಹತ್ತಿರ, ಒಂದು ಕಾಯಿ ಕಟ್ಟಿತ್ತು. ಸಾಸಿವೆಗಿಂತ ಚಿಕ್ಕದು, ಕಪ್ಪು, ಹೂಜಿಯ ಆಕಾರ, ಕತ್ತಿನ ಸುತ್ತ ಒಂದಿಷ್ಟು ಕೂದಲು. ಆರೋಗ್ಯವಂತ ಬೂಸ್ಟಿನ ತಟ್ಟೆಯಲ್ಲಿ ಅಂಥವು ನೂರಾರು ಇರುತ್ತವೆ. ಇಲ್ಲಿ ಒಂದೇ ಒಂದು.

"ಅಷ್ಟು ಸಾಕು ಕಣೇ," ಎಂದಳು ಅವಳು ಅದಕ್ಕೆ. "ನೂರು ಯಾರಿಗೆ ಬೇಕು?"

ಆ ಹೊತ್ತಿಗೇ ಅವಳ ತಟ್ಟೆಗಳಿದ್ದ ಬೆಚ್ಚನೆಯ ಕೋಣೆಯನ್ನು ಖಾಲಿ ಮಾಡುವಂತೆ ಹೇಳಿಕೆ ಬಂತು. ಇಲಿಗಳ ಮೇಲೆ ಕೆಲಸ ಮಾಡುವವನೊಬ್ಬ ಅದಕ್ಕೆ ಎಂದಿನಿಂದಲೋ ಕಣ್ಣು ಹಾಕಿದ್ದ. ದೊಡ್ಡ ಮೇಷ್ಟ್ರು ಇಲ್ಲ ಎನ್ನಲಿಲ್ಲ. ಆಳುಗಳು ಬಂದು ದೀಪದ ಹಲಗೆಗಳನ್ನು ಬಿಚ್ಚತೊಡಗಿದರು, ಧೂಳೆದ್ದಿತು. ಧೂಳು ಕಂಡು ಗೊಬ್ಬರಕ್ಕನಿಗೆ ತಲೆ ಕೆಟ್ಟಿತು. ತಟ್ಟೆಯನ್ನು ಎದೆಗೆ ಅವುಚಿಕೊಂಡು ಮನೆಗೆ ನಡೆದಳು. ಬಸ್ಸು ಹತ್ತಿದರೆ ಕುಲುಕುತ್ತದೆ ಎಂದು ಅಷ್ಟು ದೂರವೂ ನಡೆದೇ ಹೋದಳು.

"ಬಂದಳಪ್ಪ ಸವತಿ ಮನೆಗೇ," ಎಂದ ಗಂಡ ಬಾಗಿಲು ತೆಗೆದು. ಹೆಂಡತಿಯ ಮುಖ ನೋಡಿ ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ರೀ, ತಮಾಷೆ ಬೇಡ. ಬೆಳಕು ಚೆನ್ನಾಗಿರೋ ಜಾಗ ಬೇಕು, ಗಾಳಿ ಬರಬಾರದು. ಕೆಲವೇ ದಿನ ಅಷ್ಟೇ."

ಇಬ್ಬರೂ ಸೇರಿ ಮಲಗುವ ಕೋಣೆಯ ಕಿಟಕಿಯ ಕಟ್ಟೆ ಖಾಲಿ ಮಾಡಿ ಒರೆಸಿ ತಟ್ಟೆ ಇಟ್ಟರು. ಗಂಡ ಅಂಗಡಿಯಿಂದ ಒಳ್ಳೆಯದೊಂದು ಮಸೂರ ತಂದುಕೊಟ್ಟ. "ಎಲ್ಲಿ ನೋಡ್ಬೇಕು, ಹೇಳು. ನಾನೂ ನೋಡ್ತೀನಿ," ಎಂದ.

"ಮುಚ್ಚಳದಲ್ಲಿ. ಕಾಯಿ ಮಾಗಿದಾಗ ಬೀಜಕಗಳನ್ನ ಪಿಚಕಾರಿ ಥರ ಹೊಡೆಯುತ್ತೆ. ಮೇಲಕ್ಕೆ ಹೋಗಿ ಮುಚ್ಚಳಕ್ಕೆ ಅಂಟಿಕೊಳ್ಳುತ್ತೆ. ನಾಲ್ಕು ನಾಲ್ಕರ ಗುಂಪು, ಕಪ್ಪಗೆ ಕಾಣುತ್ತೆ. ಒಂದು ಗುಂಪು ಸಿಕ್ಕಿದ್ರೂ ನಾನು ಗೆದ್ದೆ ರೀ."

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ಬೆಳಗಾಗೆದ್ದು ಮುಖ ತೊಳೆಯುವ ಮೊದಲು ಮುಚ್ಚಳ ನೋಡುವುದು. ಏನೂ ಇಲ್ಲ. ಗಂಡ ಅಂಗಡಿಗೆ ಹೋಗುವ ಮುನ್ನ ಒಂದು ಸಲ, ಬಂದು ಒಂದು ಸಲ. ಏನೂ ಇಲ್ಲ. ಕಾಯಿ ಮಾತ್ರ ಬಲಿತು ಮಿನುಗುತ್ತಿತ್ತು. ಅದರ ಕತ್ತು ಒಂದು ಕಡೆಗೆ ವಾಲಿಕೊಂಡಂತೆ ಕಂಡಿತು. ಮುದಿ ಮೈ, ಕತ್ತು ನೆಟ್ಟಗೆ ಹಿಡಿಯುವ ತ್ರಾಣವೂ ಇಲ್ಲ ಎಂದುಕೊಂಡಳು ಗೊಬ್ಬರಕ್ಕ. ಸುತ್ತಲಿನ ಬೂಸ್ಟು ಆಗಲೇ ಕಂದುತ್ತ ಬಂದು ಕಾಯಿಯ ಬುಡ ಮುಟ್ಟಿತ್ತು.

ಆ ಇನ್ನೊಂದು ಸಂಶೋಧನಾಲಯದವರು ಬರುವ ಹಿಂದಿನ ದಿನ ಬೆಳಿಗ್ಗೆ ಮಸೂರ ಹಿಡಿದು ನೋಡಿದಾಗ ಕಾಯಿ ಬತ್ತಿತ್ತು. ಕಪ್ಪಗೆ ತುಂಬಿದ್ದ ಹೊಟ್ಟೆ ಖಾಲಿಯಾಗಿ ಸಿಪ್ಪೆಯೊಳಗಿನಿಂದ ಬೆಳಕು ಹಾಯುತ್ತಿತ್ತು. ಮುಚ್ಚಳ ತೆಗೆದು ತಿರುಗಿಸಿ ಅಂಗುಲ ಅಂಗುಲವೂ ನೋಡಿದಳು. ಸ್ವಚ್ಛ. ಗಂಡನ ಕೈಗೆ ಕೊಟ್ಟಳು. ಅವನು ಕನ್ನಡಕ ಬದಲಿಸಿ ನೋಡಿ, ಮುಚ್ಚಳವನ್ನು ಹಿಡಿದುಕೊಂಡೇ ನಿಂತ.

"ಜೊಳ್ಳು," ಎಂದಳು ಗೊಬ್ಬರಕ್ಕ. "ಜೊಳ್ಳಾಗೋಯ್ತು ರೀ. ಒಳಗೇ ಕರಗೋಯ್ತು." ಮಂಚದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ತವರಿನ ಸಾವಿಗೂ ಅವಳು ಹಾಗೆ ಅತ್ತಿದ್ದನ್ನು ಗಂಡ ಕಂಡಿರಲಿಲ್ಲ. ಅವನು ಬೆನ್ನು ಸವರುತ್ತ ಪಕ್ಕದಲ್ಲಿ ಕೂತ. ಆ ದಿನ ಅಂಗಡಿ ತೆಗೆಯಲಿಲ್ಲ.

ಅಳು ಮುಗಿದ ಮೇಲೆ ಅವಳು ಎದ್ದು ಮುಖ ತೊಳೆದಳು. ಸತ್ತ ಬೂಸ್ಟನ್ನು ಮನೆಯಲ್ಲಿಟ್ಟುಕೊಳ್ಳುವುದು ಸರಿಯಲ್ಲ, ಒಂದು ಬೀಜಕವೂ ಬದುಕುಳಿಯದಂತೆ ಎಲ್ಲ ತಟ್ಟೆಯೂ ಹಬೆಯಲ್ಲಿ ಬೇಯಿಸಿಯೇ ಹೋಗಬೇಕು. ಅದು ಅವಳೇ ಎಲ್ಲರ ಮೇಲೆ ಹೇರಿದ್ದ ಶಿಸ್ತು. ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ, ಹಾಗೆ ಬೇಯಿಸುವ ಯಂತ್ರ, ಆಟೊಕ್ಲೇವ್, ನೋಡಿಕೊಳ್ಳುವವನ ಕೋಣೆಯಲ್ಲಿ ಕಸದ ಬುಟ್ಟಿಯಲ್ಲಿಟ್ಟು, ಹಿಂದಿರುಗಿ ನೋಡದೆ ದೊಡ್ಡ ಮೇಷ್ಟ್ರ ಕೋಣೆಗೆ ನಡೆದಳು.

ಒಂದು ಗಂಟೆಗೂ ಹೆಚ್ಚು ಹೊತ್ತು ಕೂತು ಎಲ್ಲವನ್ನೂ ಹೇಳಿದಳು. ಗಟ್ಟಿಗಿತ್ತಿಯನ್ನು ತಂದೆ ಮಾಡಿದ ತನ್ನ ತಪ್ಪು, ಬುಡದ ಚೂರು, ಒಂದೇ ಕಾಯಿ. ಮೇಷ್ಟ್ರು ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಂದೆ ಕಡೆಗೆ ಹಾಕು ಅಂತ ಕಲಿಸಿದೋನು ನಾನೇ," ಎಂದರು ಮೆಲ್ಲಗೆ.

"ನೀವು ಸಾಯೋ ತಳಿಗೆ ಕಲಿಸಿದ್ರಿ ಸಾರ್. ಸಾಯದೇ ಇರೋದಕ್ಕೆ ನಾನು ಯೋಚನೆ ಮಾಡ್ಬೇಕಿತ್ತು."

"ಕಾಯಿ ಕೊನೆಗೆ ಹೇಗಿತ್ತು?"

"ಬತ್ತೋಗಿತ್ತು. ಪಾಪ, ಕತ್ತು ಕೂಡ ನೆಟ್ಟಗೆ ನಿಲ್ತಿರಲಿಲ್ಲ, ಕಿಟಕಿ ಕಡೆಗೆ ವಾಲ್ಕೊಂಡು..."

ಮಾತು ಅಲ್ಲಿಗೇ ನಿಂತಿತು. ಮೇಷ್ಟ್ರೂ ತಲೆ ಎತ್ತಿದರು. ಕಾಯಿಯ ಕತ್ತು ಬೆಳಕಿನ ಕಡೆಗೆ ಬಾಗುತ್ತದೆ, ಬೆಳಕಿದ್ದ ಕಡೆಗೇ ಬೀಜಕ ಹೊಡೆಯುತ್ತದೆ. ಹೊಲದಲ್ಲಿ ಸಗಣಿಯಿಂದ ದೂರ, ತೆರೆದ ಹುಲ್ಲಿನ ಮೇಲೆ ಬೀಳಲೆಂದೇ ಅದಕ್ಕೆ ಆ ಗುಣ. ಹೊಸಬರಿಗೆ ಮೊದಲ ದಿನವೇ ಹೇಳುವ ಸಂಗತಿ ಅದು. ಪ್ರಯೋಗಾಲಯದಲ್ಲಿ ದೀಪ ಯಾವಾಗಲೂ ನೆತ್ತಿಯ ಮೇಲೆ, ಆದ್ದರಿಂದ ಬೀಜಕ ಯಾವಾಗಲೂ ಮುಚ್ಚಳದಲ್ಲಿ. ಅವಳು ಜೀವಮಾನವೆಲ್ಲ ಮುಚ್ಚಳ ನೋಡಿದವಳು. ಮನೆಯಲ್ಲಿ ಬೆಳಕು ಪಕ್ಕದಿಂದ ಬರುತ್ತಿತ್ತು.

"ತಟ್ಟೆ ಎಲ್ಲಿ?" ಎಂದರು ಮೇಷ್ಟ್ರು.

ಗೊಬ್ಬರಕ್ಕ ಆಗಲೇ ಬಾಗಿಲ ಹೊರಗಿದ್ದಳು. ಆ ವಯಸ್ಸಿನಲ್ಲಿ, ಆ ಮೈಯಲ್ಲಿ, ಅವಳು ಮೆಟ್ಟಿಲು ಇಳಿದ ರಭಸಕ್ಕೆ ಎದುರು ಬಂದವರು ಗೋಡೆಗೆ ಒರಗಿಕೊಂಡರು. ಚಪ್ಪಲಿ ಒಂದು ಮೇಲಿನ ಮೆಟ್ಟಿಲಲ್ಲೇ ಉಳಿಯಿತು. ಆಟೊಕ್ಲೇವಿನ ಕೋಣೆಯಲ್ಲಿ ಹಬೆ ತುಂಬಿತ್ತು. ಅದನ್ನು ನೋಡಿಕೊಳ್ಳುವವನು ಭಾರದ ಬಾಗಿಲನ್ನು ತೆರೆದು, ದಪ್ಪ ಕೈಗವಸು ಹಾಕಿಕೊಂಡು ಬೆಂದ ಬುಟ್ಟಿಯನ್ನು ಹೊರಗೆಳೆಯುತ್ತಿದ್ದ.

"ಅಯ್ಯೋ, ಬೇಯಿಸ್ಬಿಟ್ಯಾ? ಬೇಯಿಸ್ಬಿಟ್ಯಾ ಮಾರಾಯಾ?"

ಅವನು ಗಾಬರಿಯಾಗಿ ನೋಡಿದ. "ನೀವೇ ಹೇಳಿದ್ದಲ್ವಾ ಅಕ್ಕಾ, ನಿಮ್ಮ ಸಾಮಾನು ಬಂದ ಕೂಡ್ಲೇ ಬೇಯಿಸ್ಬೇಕು, ಇಟ್ಕೊಂಡು ಕೂತ್ಕೋಬಾರ್ದು ಅಂತ? ನೀವು ಆ ಕಡೆ ಹೋದ್ರಿ, ನಾನು ಈ ಕಡೆ ಹಾಕ್ದೆ."

ಅವಳು ಬಿಸಿ ಬುಟ್ಟಿಗೆ ಬರಿಗೈ ಹಾಕಿದಳು. ಸುಟ್ಟಿತು, ಅದರ ಪರಿವೆಯೇ ಆಗಲಿಲ್ಲ. ತಟ್ಟೆ ಸಿಕ್ಕಿತು. ಅಗರ್ ಕರಗಿ ಗಂಜಿಯಾಗಿತ್ತು, ಬೂಸ್ಟು ಬೆಂದು ಕಂದು ಚಿಂದಿಯಂತೆ ತೇಲುತ್ತಿತ್ತು. ಮೇಷ್ಟ್ರು ಏದುಸಿರು ಬಿಡುತ್ತ ಬಂದರು. ಇಬ್ಬರೂ ಪಕ್ಕದ ಕೋಣೆಗೆ ಹೋಗಿ, ತಟ್ಟೆಯನ್ನು ಓರೆಯಾಗಿ ಹಿಡಿದು, ಮೈಕ್ರೊಸ್ಕೋಪಿನ ಕೆಳಗೆ ಅದರ ಗೋಡೆಯನ್ನು ತಂದರು.

ಮೊದಲು ಅವಳು ನೋಡಿದಳು. ನೋಡಿದವಳು ಕಣ್ಣು ತೆಗೆಯಲೇ ಇಲ್ಲ. ಮೇಷ್ಟ್ರು ಭುಜ ಮುಟ್ಟಿದ ಮೇಲೆ ಪಕ್ಕಕ್ಕೆ ಸರಿದಳು.

ಕಾಯಿ ಕಟ್ಟಿದ್ದ ಜಾಗದ ನೇರಕ್ಕೆ, ಗಾಜಿನ ಗೋಡೆಯ ಮೇಲೆ, ನಾಲ್ಕು ನಾಲ್ಕರ ಗುಂಪಾಗಿ ಕಪ್ಪು ಬೀಜಕಗಳು ಅಂಟಿದ್ದವು. ಒಂದಲ್ಲ, ಹತ್ತಾರು ಗುಂಪು. ತುಂಬಿಕೊಂಡು, ದುಂಡಗೆ, ಒಂದಕ್ಕೂ ಊನವಿಲ್ಲದೆ. ಸಾಯುವ ಮುನ್ನ ಗಟ್ಟಿಗಿತ್ತಿ ಹೊಟ್ಟೆ ತುಂಬ ಹೆತ್ತಿತ್ತು. ಬೆಳಿಗ್ಗೆ ಅವಳು ಮಂಚದ ಮೇಲೆ ಕೂತು ಅಳುತ್ತಿದ್ದಾಗಲೂ ಅವು ಅಲ್ಲೇ, ಕೈಗೆ ಸಿಗುವಷ್ಟು ದೂರದಲ್ಲಿ, ಜೀವಂತವಾಗಿದ್ದವು.

"ಹೆತ್ತಿದೆ ಕಣಮ್ಮ," ಎಂದರು ಮೇಷ್ಟ್ರು. "ನೀನು ಹೇಳಿದ್ದೆಲ್ಲ ನಿಜ."

ಗೊಬ್ಬರಕ್ಕ ಸುಟ್ಟ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು.

"ನಾಳೆ ಅವರು ಬರ್ಲಿ," ಎಂದರು ಅವರು. "ನಾನೇ ಎದ್ದು ನಿಂತು ಹೇಳ್ತೀನಿ. ನಾನು ನಂಬ್ತೀನಿ ನಿನ್ನ."

ಈ ಮಾತನ್ನು ಕೇಳಲು ಅವಳು ಎಷ್ಟು ದಿನದಿಂದ ಬಾಯಿ ಬಾಯಿ ಬಿಟ್ಟಿದ್ದಳು! ಈಗ ಕೇಳಿ, ಬೇರೆ ಯಾರಿಗೋ ಹೇಳಿದರೇನೋ ಎನ್ನುವಂತೆ ಅವರ ಮುಖವನ್ನೇ ನೋಡಿದಳು.

"ನಿಮ್ಮ ನಂಬಿಕೇನ ಅಗರ್ ಮೇಲೆ ಹಾಕಿದ್ರೆ," ಎಂದಳು, "ಮೊಳೆಯುತ್ತಾ ಸಾರ್?"